ಭೀಮೆಯ ತಳವೂ ಬಿಸಿಲುಗುದುರೆಯೂ

ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ ನಮ್ಮ ಕಡೆಯ ಭೀಮಾನದಿ ಹೊಳೆಯಾಗಿ ಉಳಿಯುವುದಿಲ್ಲ, ಮಡುಗಳ ಸಾಲಾಗುತ್ತದೆ. ಅಫಜಲಪುರ ತಾಲ್ಲೂಕಿನ ಸೊನ್ನದ ಬ್ಯಾರೇಜಿನಿಂದ ಕೆಳಕ್ಕೆ ಜೇವರ್ಗಿಯ ಸೀಮೆಯವರೆಗೆ ನಡೆದು ನೋಡಿದರೆ ಅಲ್ಲೊಂದು ಮರಳ ದಿಬ್ಬ, ಇಲ್ಲೊಂದು ನಿಂತ ನೀರು. ಮಳೆಗಾಲದಲ್ಲಿ ರಾಡಿಯಾಗಿ ಮೊರೆಯುತ್ತ ಹೋಗುವ ನದಿ ಈ ದಿನಗಳಲ್ಲಿ ಎಷ್ಟು ತಿಳಿಯಾಗಿರುತ್ತದೆಂದರೆ, ದಂಡೆಯ ಮೇಲೆ ನಿಂತು ತಳದ ಹರಳುಗಳನ್ನು ಎಣಿಸಬಹುದು. ಆಳಂದದ ಕಡೆಯ ಹೊಳೆ ಚಿಕ್ಕದು, ಹೆಸರು ಅಮರ್ಜಾ. ಕೊರಳ್ಳಿಯ ಬಳಿ ಅದಕ್ಕೊಂದು ಅಣೆಕಟ್ಟು ಕಟ್ಟಿದ್ದಾರೆ. ದೇವಲ ಗಾಣಗಾಪುರದಲ್ಲಿ ಅದು ಭೀಮೆಯನ್ನು ಕೂಡುತ್ತದೆ. ಸಂಗಮದ ಸ್ನಾನಕ್ಕೆ ದೂರದೂರದಿಂದ ಜನ ಬರುತ್ತಾರೆ. ಹೊಳೆಯಿಲ್ಲದ ಊರುಗಳಲ್ಲಿ ತೋಟದ ಬಾವಿಗಳಿವೆ. ಶಾಲೆಗಳಿಗೆ ರಜೆ. ಹುಡುಗರು ಮನೆಯಲ್ಲಿ ನಿಲ್ಲುತ್ತಾರೆಯೇ?

ನಾನೂ ನಿಂತವನಲ್ಲ. ನನಗಾಗ ಹನ್ನೊಂದೋ ಹನ್ನೆರಡೋ ವರ್ಷ. ಸೋದರಮಾವನ ಊರು ಭೀಮೆಯ ದಂಡೆಯ ಮೇಲಿತ್ತು. ಒಂದು ಮಧ್ಯಾಹ್ನ ಗೆಳೆಯರೊಡನೆ ಹೋಗಿ ಒಂದು ಮಡುವಿನ ಅಂಚಿನಲ್ಲಿ ನಿಂತೆ. ತಳದ ಮರಳು ಬೆಳ್ಳಗೆ ಹೊಳೆಯುತ್ತಿತ್ತು. ನೀರು ನನ್ನ ನಡುವಿನವರೆಗೆ ಬಂದೀತೆಂದು ಕಣ್ಣು ಹೇಳಿತು. ನಾನು ಕಣ್ಣನ್ನು ನಂಬಿ ಹಾರಿದೆ. ಕಾಲಿಗೆ ನೆಲ ಸಿಗಲಿಲ್ಲ. ಆಮೇಲಿನದು ನೆನಪಿರುವುದು ಕಿವಿಯಲ್ಲಿ ತುಂಬಿದ ನೀರಿನ ಸದ್ದು, ಯಾರೋ ಜುಟ್ಟು ಹಿಡಿದೆಳೆದ ನೋವು, ಇಷ್ಟೇ. ಎಳೆದವನು ಹತ್ತಿರದಲ್ಲಿ ಬಲೆ ಒಣಗಿಸುತ್ತಿದ್ದ ಒಬ್ಬ ಮುದುಕ ಅಂಬಿಗ. ಅವನು ಬೈಯಲಿಲ್ಲ. ನನ್ನನ್ನು ಮರಳ ಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟಿದ. ಆಮೇಲೆ ತನ್ನ ಹರಿಗೋಲಿನ ಗಳವನ್ನು ತಂದು ಅದೇ ಮಡುವಿನಲ್ಲಿ ಊರಿ ಹೇಳಿದ: "ತಮ್ಮಾ, ನೀರಿನ ತಳ ಕಣ್ಣಿಗಿ ಕೇಳಬ್ಯಾಡ, ಗಳಕ್ಕ ಕೇಳು." ಮೇಲೆತ್ತಿದಾಗ ಗಳ ನಾಲ್ಕು ಮೊಳ ತೊಯ್ದಿತ್ತು. ನನ್ನ ಎತ್ತರ ಆಗ ಮೂರು ಮೊಳ.

ನನ್ನ ಕಣ್ಣಿನಲ್ಲಿ ದೋಷವಿರಲಿಲ್ಲ. ನೀರೂ ಕಲಕಿರಲಿಲ್ಲ. ಹಾಗಾದರೆ ನಾಲ್ಕು ಮೊಳದ ನೀರು ಎರಡು ಮೊಳವಾಗಿ ಕಂಡದ್ದೇಕೆ? ನಾನು ಕನ್ನಡ ಪಂಡಿತ, ವಿಜ್ಞಾನದ ಮಾಸ್ತರನಲ್ಲ. ಈ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ತೀರ ತಡವಾಗಿ, ಅದೂ ಒಂದು ಪದದ ಮೂಲಕ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ವಾಚಕರು ಒಂದು ಸಣ್ಣ ಕೆಲಸ ಮಾಡಬೇಕು. ಬಾನುಲಿಯಲ್ಲಿ ಮಾತನಾಡುವವನಿಗೆ ಚಿತ್ರ ಬರೆದು ತೋರಿಸುವ ಅನುಕೂಲವಿಲ್ಲ. ಈ ಪುಟದಲ್ಲಿಯೂ ನಾನು ಚಿತ್ರ ಹಾಕಿಲ್ಲ. ಚಿತ್ರಕ್ಕಿಂತ ಒಳ್ಳೆಯದು ನಿಮ್ಮ ಅಡಿಗೆಮನೆಯಲ್ಲಿದೆ.

ಒಂದು ಬೋಗುಣಿಯ ತಳದಲ್ಲಿ ಒಂದು ರೂಪಾಯಿಯ ನಾಣ್ಯವಿಡಿ. ಈಗ ಬೋಗುಣಿಯ ಅಂಚು ನಾಣ್ಯವನ್ನು ಮರೆಮಾಡುವವರೆಗೆ ಹಿಂದೆ ಹಿಂದೆ ಸರಿಯಿರಿ. ನಾಣ್ಯ ಕಾಣದಾದೊಡನೆ ಅಲ್ಲಿಯೇ ನಿಲ್ಲಿ, ತಲೆ ಅಲುಗಿಸಬೇಡಿ. ಮನೆಯವರೊಬ್ಬರು ಚರಗಿಯಿಂದ ನಿಧಾನವಾಗಿ, ನಾಣ್ಯ ಜರುಗದಂತೆ, ನೀರು ಸುರಿಯಲಿ. ನೀರು ಏರಿದಂತೆ ನಾಣ್ಯವೂ ಏರಿ ಬಂದು ಅಂಚಿನ ಮೇಲಿಂದ ನಿಮಗೆ ಕಾಣಿಸಿಕೊಳ್ಳುತ್ತದೆ. ನೀವು ಕದಲಲಿಲ್ಲ, ನಾಣ್ಯ ತಳ ಬಿಡಲಿಲ್ಲ. ಹಾಗಾದರೆ ನಡುವೆ ಬದಲಾದದ್ದು ನಾಣ್ಯದಿಂದ ನಿಮ್ಮ ಕಣ್ಣಿಗೆ ಬರುವ ಬೆಳಕಿನ ದಾರಿಯೇ ಇರಬೇಕಲ್ಲವೇ? ನೀರಿನಿಂದ ಹೊರಬೀಳುವಾಗ ಆ ದಾರಿ ಮುರಿದು ಅಡ್ಡಕ್ಕೆ ಬಾಗಿತು. ಬಾಗಿದ್ದರಿಂದಲೇ ಬೋಗುಣಿಯ ಅಂಚನ್ನು ದಾಟಿ ನಿಮ್ಮ ಕಣ್ಣನ್ನು ತಲುಪಿತು.

ಇಲ್ಲಿ ಕಣ್ಣಿನ ಒಂದು ಹಟವನ್ನು ಗಮನಿಸಬೇಕು. ಬೆಳಕು ಯಾವ ದಾರಿಯಿಂದ ಬಂದರೂ ಸರಿ, ಎಷ್ಟು ಸಲ ಬಾಗಿ ಬಂದರೂ ಸರಿ, ಕಣ್ಣು ಅದು ನೇರವಾಗಿಯೇ ಬಂದಿತೆಂದು ನಂಬುತ್ತದೆ. ಕೊನೆಯಲ್ಲಿ ಯಾವ ದಿಕ್ಕಿನಿಂದ ಬಂದು ಮುಟ್ಟಿತೋ ಆ ದಿಕ್ಕಿನಲ್ಲಿ ನೆಟ್ಟಗೆ ಗೆರೆ ಎಳೆದು, ವಸ್ತು ಅಲ್ಲಿದೆ ಎಂದು ತೀರ್ಪು ಕೊಡುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಹಟದ ಕಥೆಯೇ.

ಇನ್ನು ಆ ಪದದ ವಿಚಾರ. ನಮ್ಮ ಪ್ರೌಢಶಾಲೆಯಲ್ಲಿ ಒಂದು ದಿನ ವಿಜ್ಞಾನದ ಮಾಸ್ತರರು ರಜೆಯ ಮೇಲಿದ್ದರು. ಹತ್ತನೆಯ ತರಗತಿಯನ್ನು ಸುಮ್ಮನೆ ಕೂಡಿಸಿಕೊಂಡಿರಲು ನನ್ನನ್ನು ಕಳಿಸಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಪುಸ್ತಕ ತೆರೆದು, "ಸರ್, ವಕ್ರೀಭವನ ಅಂದ್ರ ಏನ್ರಿ? ವಕ್ರ ಗೊತ್ತದ, ನಡುವ ಈ ದೀರ್ಘ ಯಾಕ ಬಂತು?" ಎಂದು ಕೇಳಿದಳು. ವಿಜ್ಞಾನದ ಪ್ರಶ್ನೆಯಾಗಿದ್ದರೆ ನಾನು ಜಾರಿಕೊಳ್ಳುತ್ತಿದ್ದೆ. ಇದು ವ್ಯಾಕರಣದ್ದು. ಸಂಸ್ಕೃತದಲ್ಲಿ ಚ್ವಿ ಎಂಬ ಪ್ರತ್ಯಯವಿದೆ. ಮೊದಲು ಹಾಗಿಲ್ಲದ್ದು ಆಮೇಲೆ ಹಾಗಾಯಿತು ಎಂಬರ್ಥದಲ್ಲಿ ಅದು ಬರುತ್ತದೆ. ವೈಯಾಕರಣರು ಇದನ್ನು ಅಭೂತತದ್ಭಾವವೆನ್ನುತ್ತಾರೆ. ಶುದ್ಧವಲ್ಲದ್ದನ್ನು ಶುದ್ಧ ಮಾಡಿದರೆ ಶುದ್ಧೀಕರಣ. ವಕ್ರವಲ್ಲದ್ದು ವಕ್ರವಾದರೆ ವಕ್ರೀಭವನ. ಆ ದೀರ್ಘ ಈಕಾರ ಚ್ವಿಯ ಗುರುತು. ಹೇಳುತ್ತ ಹೇಳುತ್ತ ನನಗೇ ಬೆರಗಾಯಿತು. ಬೆಳಕು ನೀರಿನೊಳಗೂ ನೆಟ್ಟಗೇ ಹೋಗುತ್ತದೆ, ಗಾಳಿಯೊಳಗೂ ನೆಟ್ಟಗೇ ಹೋಗುತ್ತದೆ. ಎರಡರ ಗಡಿಯಲ್ಲಿ ಮಾತ್ರ, ವಕ್ರವಲ್ಲದ್ದು ಒಂದು ಸಲ ವಕ್ರವಾಗುತ್ತದೆ. ಈ ಪದವನ್ನು ಟಂಕಿಸಿದವರು ಬಹಳ ಯೋಚಿಸಿಯೇ ಟಂಕಿಸಿರಬೇಕು.

ಗಡಿಯಲ್ಲಿ ಬಾಗಲು ಕಾರಣವೇನು? ಕಾರಣ ವೇಗ. ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ 2,99,792 ಕಿಲೋಮೀಟರು, ಅಂದರೆ ಹೆಚ್ಚುಕಡಿಮೆ ಮೂರು ಲಕ್ಷ ಕಿಲೋಮೀಟರು ಓಡುತ್ತದೆ. ಗಾಳಿಯಲ್ಲಿಯೂ ಬಹುತೇಕ ಅಷ್ಟೇ. ನೀರಿನಲ್ಲಿ ಅದರ ಓಟ ಸುಮಾರು ಎರಡು ಲಕ್ಷ ಇಪ್ಪತ್ತೈದು ಸಾವಿರ ಕಿಲೋಮೀಟರಿಗೆ ಇಳಿಯುತ್ತದೆ. ಸಾಮಾನ್ಯ ಗಾಜಿನಲ್ಲಿ ಎರಡು ಲಕ್ಷ, ವಜ್ರದಲ್ಲಿ ಒಂದೂಕಾಲು ಲಕ್ಷದ ಹತ್ತಿರ. ವೇಗ ಬದಲಾದರೆ ದಿಕ್ಕೇಕೆ ಬದಲಾಗಬೇಕು ಎನ್ನುವಿರಾ? ನಮ್ಮ ಎರೆಭೂಮಿಯ ಒಕ್ಕಲಿಗರನ್ನು ಕೇಳಿ. ಮಳೆ ಬಂದ ಮರುದಿನ ಗಟ್ಟಿ ರಸ್ತೆಯಿಂದ ಬಂಡಿ ಓರೆಯಾಗಿ ಹೊಲಕ್ಕೆ ಇಳಿಯುತ್ತಿದೆಯೆನ್ನಿ. ಬಲಗಾಲಿ ಮೊದಲು ಎರೆಮಣ್ಣಿಗೆ ಬಿತ್ತು. ಕೆಸರು ಅದನ್ನು ಹಿಡಿಯಿತು, ಅದರ ಓಟ ತಗ್ಗಿತು. ಎಡಗಾಲಿ ಇನ್ನೂ ಗಟ್ಟಿ ನೆಲದ ಮೇಲಿದೆ, ಹಳೆಯ ವೇಗದಲ್ಲಿಯೇ ಉರುಳುತ್ತಿದೆ. ಬಂಡಿ ಏನು ಮಾಡೀತು? ಬಲಕ್ಕೆ ತಿರುಗಿ ಹೊಲದೊಳಕ್ಕೆ ಇನ್ನಷ್ಟು ನೆಟ್ಟಗೆ ನುಗ್ಗುತ್ತದೆ. ಎರಡೂ ಗಾಲಿ ಕೆಸರಿಗೆ ಬಿದ್ದ ಮೇಲೆ ಮತ್ತೆ ತಿರುವಿಲ್ಲ. ಹೊಲದಿಂದ ಓರೆಯಾಗಿ ರಸ್ತೆಗೆ ಏರುವಾಗ ಇದರ ವಿಲೋಮ: ಮೊದಲು ಹೊರಬಿದ್ದ ಗಾಲಿ ಮುಂದೋಡುತ್ತದೆ, ಬಂಡಿ ರಸ್ತೆಯ ಅಂಚಿನ ಕಡೆಗೇ ವಾಲುತ್ತದೆ. ರಸ್ತೆಯಿಂದ ನೇರ ಕೆಳಕ್ಕೆ ಇಳಿದರೆ ಎರಡು ಗಾಲಿಗಳೂ ಒಟ್ಟಿಗೇ ತಗ್ಗುವುದರಿಂದ ತಿರುವೇ ಇಲ್ಲ. (ಎತ್ತುಗಳಿಗೆ ತಮ್ಮದೇ ವಿಚಾರವಿರುತ್ತದೆ. ಅವನ್ನು ಬಿಚ್ಚಿ ಬರಿಯ ಬಂಡಿಯನ್ನು ನೂಕಿದಂತೆ ಊಹಿಸಿಕೊಳ್ಳಿರಿ.) ಬೆಳಕೂ ಹೀಗೆಯೇ ಒಂದು ಅಗಲವಾದ ಅಲೆಯ ಸಾಲಾಗಿ ಬರುತ್ತದೆ. ಸಾಲಿನ ಒಂದು ತುದಿ ಮೊದಲು ನೀರನ್ನು ಮುಟ್ಟಿ ತಡವಾದರೆ ಇಡೀ ಸಾಲು ತಿರುಗುತ್ತದೆ.

ಇದನ್ನು ಒಪ್ಪಿಸಲು ಪಂಡಿತರಿಗೆ ಬಹಳ ಕಾಲ ಹಿಡಿಯಿತು. ಅಲೆಕ್ಸಾಂಡ್ರಿಯದ ಟಾಲೆಮಿ ಎರಡನೆಯ ಶತಮಾನದಲ್ಲಿಯೇ ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಯಾವ ಕೋನಕ್ಕೆ ಎಷ್ಟು ಬಾಗುತ್ತದೆಂದು ಅಳೆದು ಪಟ್ಟಿ ಮಾಡಿದ್ದ. ಆದರೆ ಪಟ್ಟಿಯ ಹಿಂದಿನ ನಿಯಮ ಅವನಿಗೆ ಹೊಳೆಯಲಿಲ್ಲ. ಲಂಬಗೆರೆಯಿಂದ 30 ಡಿಗ್ರಿ ಓರೆಯಾಗಿ ಬಂದ ಕಿರಣ ನೀರಿನಲ್ಲಿ 22 ಡಿಗ್ರಿಯಾಗುತ್ತದೆ. 60 ಡಿಗ್ರಿ ಓರೆಯಾಗಿ ಬಂದದ್ದು 44 ಆಗಬೇಕಾಗಿತ್ತಲ್ಲವೇ? ಆಗುವುದಿಲ್ಲ, ನಲವತ್ತೂವರೆ ಆಗುತ್ತದೆ. ಬಾಗ್ದಾದಿನ ಇಬ್ನ್ ಸಹ್ಲ್ ಎಂಬ ಗಣಿತಜ್ಞ 984ರ ಸುಮಾರಿಗೆ ಸರಿಯಾದ ನಿಯಮವನ್ನು ಕಂಡಿದ್ದ. ಯುರೋಪಿನಲ್ಲಿ ಡಚ್ ವಿದ್ವಾಂಸ ಸ್ನೆಲ್ 1621ರಲ್ಲಿ ಅದನ್ನು ಮತ್ತೆ ಕಂಡುಕೊಂಡ, ಅಚ್ಚು ಹಾಕಿಸಲಿಲ್ಲ. 1637ರಲ್ಲಿ ಡೇಕಾರ್ಟ್ ಅಚ್ಚು ಹಾಕಿಸಿದ. ನಿಯಮವಿಷ್ಟೇ: ಕೋನಗಳನ್ನು ಹೋಲಿಸಬೇಡಿ, ಅವುಗಳ ಜ್ಯಾ ಹೋಲಿಸಿರಿ. ಗಾಳಿಯಲ್ಲಿನ ಕೋನದ ಜ್ಯಾವನ್ನು ನೀರಿನಲ್ಲಿನ ಕೋನದ ಜ್ಯಾದಿಂದ ಭಾಗಿಸಿದರೆ ಯಾವಾಗಲೂ ಒಂದೇ ಸಂಖ್ಯೆ, 1.33. ಇದನ್ನು ನೀರಿನ ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ. ಮೂರು ಲಕ್ಷವನ್ನು ಎರಡು ಲಕ್ಷ ಇಪ್ಪತ್ತೈದು ಸಾವಿರದಿಂದ ಭಾಗಿಸಿ ನೋಡಿ, ಬರುವುದೂ ಅದೇ ಸಂಖ್ಯೆ.

ಜ್ಯಾ ಎಂದರೆ ಬಿಲ್ಲಿನ ಹೆದೆ. ಆರ್ಯಭಟ 499ರಲ್ಲಿ ಬರೆದ ಗ್ರಂಥದಲ್ಲಿ ಜ್ಯಾಗಳ ಪಟ್ಟಿಯಿದೆ. ಆ ಪದ ಅರಬರ ಬಾಯಲ್ಲಿ ಜೀಬ ಆಯಿತು. ಬರೆಯುವಾಗ ಸ್ವರ ಬಿಟ್ಟಿದ್ದರಿಂದ ಮುಂದಿನವರು ಅದನ್ನು ಜೈಬ್ ಎಂದು ಓದಿದರು. ಜೈಬ್ ಎಂದರೆ ಅಂಗಿಯ ಎದೆಯ ಮಡಿಕೆ. ಲ್ಯಾಟಿನ್ನಿಗೆ ತಂದವರು ಅದನ್ನೇ ಅನುವಾದಿಸಿ ಸೈನಸ್ ಎಂದರು. ನಮ್ಮ ಹುಡುಗರು ಇಂದು ಸೈನ್ ಎಂದು ಬಾಯಿಪಾಠ ಮಾಡುವುದು ಹೀಗೆ ಊರೂರು ತಿರುಗಿ, ವೇಷ ಬದಲಿಸಿ ಮನೆಗೆ ಮರಳಿದ ನಮ್ಮದೇ ಹೆದೆ. ಇರಲಿ, ಪಂಡಿತನಿಗೆ ಪದ ಸಿಕ್ಕರೆ ದಾರಿ ತಪ್ಪುತ್ತದೆ. ನ್ಯೂಟನ್ನನಂಥ ಮಹಾಮೇಧಾವಿಯೂ ನೀರಿನಲ್ಲಿ ಬೆಳಕು ಹೆಚ್ಚು ವೇಗವಾಗಿ ಓಡುತ್ತದೆಂದು ಭಾವಿಸಿದ್ದ. 1850ರಲ್ಲಿ ಪ್ಯಾರಿಸಿನ ಫೂಕೋ ತಿರುಗುವ ಕನ್ನಡಿಯಿಂದ ಪರೀಕ್ಷಿಸಿ, ನೀರಿನಲ್ಲಿ ಅದು ನಿಧಾನವೆಂದು ತೋರಿಸಿಕೊಟ್ಟ ಮೇಲೆ ಆ ವಾದ ತೀರಿತು.

ಈಗ ನನ್ನ ಮಡುವಿಗೆ ಮರಳೋಣ. ನೀರಿನ ಮೇಲೆ ಬಗ್ಗಿ ನೇರ ಕೆಳಕ್ಕೆ ನೋಡಿದರೆ ತಳ ನಿಜವಾದ ಆಳದ ಮುಕ್ಕಾಲು ಪಾಲಿನಲ್ಲಿ ಕಾಣುತ್ತದೆ. ಆ ಮುಕ್ಕಾಲು ಎಲ್ಲಿಂದ ಬಂತು? 1.33 ಎಂದರೆ ಮೂರನೆಯ ನಾಲ್ಕು, ಅದನ್ನು ತಿರುವಿಹಾಕಿದರೆ ನಾಲ್ಕನೆಯ ಮೂರು. ಹೀಗೆ ನೋಡಿದ್ದರೆ ನಾಲ್ಕು ಮೊಳದ ನೀರು ನನಗೆ ಮೂರು ಮೊಳವಾಗಿ ಕಾಣಬೇಕಾಗಿತ್ತು. ಆದರೆ ನಾನು ದಂಡೆಯ ಮೇಲೆ ನಿಂತು ಓರೆಯಾಗಿ ನೋಡಿದ್ದೆ. ಓರೆ ಹೆಚ್ಚಿದಷ್ಟೂ ಬಾಗುವಿಕೆ ಹೆಚ್ಚು, ತಳ ಇನ್ನೂ ಮೇಲೆದ್ದು ಬರುತ್ತದೆ. ಲಂಬದಿಂದ 60 ಡಿಗ್ರಿಯಷ್ಟು ಓರೆಯಾದರೆ ಅರ್ಧ ಆಳವೇ ಮಾಯವಾಗುತ್ತದೆ. ನಾಲ್ಕು ಮೊಳ ಎರಡಾದ ಲೆಕ್ಕ ಇದು. ಇನ್ನೂ ದೂರ ನಿಂತವನಿಗೆ ಅರ್ಧವೂ ಕಾಣದು. ಮನುಷ್ಯ ನೀರಿಗಿಳಿಯುವ ಮೊದಲು ಆಳ ನೋಡುವುದು ದಂಡೆಯ ಮೇಲೆ ನಿಂತು, ಓರೆಯಾಗಿಯೇ ಅಲ್ಲವೇ? ನೀರು ತಿಳಿಯಾಗಿದ್ದಷ್ಟೂ ಮೋಸ ಹೆಚ್ಚು. ರಾಡಿ ನೀರು ತಳವನ್ನೇ ತೋರಿಸುವುದಿಲ್ಲ. ಆದ್ದರಿಂದ ಅದಕ್ಕೆ ಎಲ್ಲರೂ ಹೆದರುತ್ತಾರೆ.

ಬೇಸಗೆಯ ಮತ್ತೊಂದು ನೀರು ನಮ್ಮ ಕಡೆಯವರಿಗೆಲ್ಲ ಪರಿಚಿತ. ಅದು ಇಲ್ಲದ ನೀರು. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟಿ ನಿಲ್ಲುತ್ತದೆ. ಜೇವರ್ಗಿಯಿಂದ ಕಲಬುರಗಿಯ ಕಡೆಗೆ ಮಧ್ಯಾಹ್ನದ ಬಸ್ಸಿನಲ್ಲಿ ಚಾಲಕನ ಹಿಂದೆ ಕುಳಿತು ನೋಡಿ. ದೂರದಲ್ಲಿ ಡಾಂಬರಿನ ಮೇಲೆ ನೀರು ಚೆಲ್ಲಿದಂತಿರುತ್ತದೆ. ಎದುರಿನ ಲಾರಿಯ ನೆರಳೂ ಅದರಲ್ಲಿ ತಲೆಕೆಳಗಾಗಿ ತೇಲುತ್ತದೆ. ಬಸ್ಸು ಹತ್ತಿರವಾದಂತೆ ನೀರು ಹಿಂದೆ ಸರಿಯುತ್ತದೆ. ಸಂಸ್ಕೃತದವರು ಮೃಗತೃಷ್ಣೆ, ಮರೀಚಿಕೆ ಎಂದರು, ಕನ್ನಡದವರು ಬಿಸಿಲುಗುದುರೆ ಎಂದರು. ಬಿಸಿಗಾಳಿಯಲ್ಲಿ ಅಲುಗುತ್ತ ಓಡಿದಂತೆ ಕಾಣುವ ಆ ಹೊಳಪನ್ನು ನೋಡಿದವನಿಗೆ ಕುದುರೆಯೇ ನೆನಪಾಗಿರಬೇಕೆಂದು ನನ್ನ ಊಹೆ.

ಇಲ್ಲಿ ನೀರೂ ಗಾಜೂ ಇಲ್ಲ, ಗಾಳಿಯೊಂದೇ. ಆದರೂ ಬೆಳಕು ಬಾಗುತ್ತದೆ. ಕಾದ ರಸ್ತೆಗೆ ಅಂಟಿಕೊಂಡ ಗಾಳಿ ಮೇಲಿನ ಗಾಳಿಗಿಂತ ಬಿಸಿ, ಆದ್ದರಿಂದ ವಿರಳ. ಅದರಲ್ಲಿ ಬೆಳಕಿನ ಓಟ ಎಳ್ಳಷ್ಟು ಹೆಚ್ಚು. ಗಾಳಿಯ ಸೂಚ್ಯಂಕವೇ 1.0003ರಷ್ಟು, ಅದರೊಳಗಿನ ವ್ಯತ್ಯಾಸ ಇನ್ನೂ ಸೂಕ್ಷ್ಮ. ಆದರೆ ಬೆಳಕು ಬಹು ದೂರದವರೆಗೆ ರಸ್ತೆಗೆ ಒರಗಿಕೊಂಡೇ ಬರುವುದರಿಂದ ಸೂಕ್ಷ್ಮವೂ ಸಾಕಾಗುತ್ತದೆ. ಆಕಾಶದಿಂದ ಓರೆಯಾಗಿ ಇಳಿದ ಬೆಳಕು ಕೆಳಗಿನ ಬಿಸಿಪದರಗಳಲ್ಲಿ ಸ್ವಲ್ಪಸ್ವಲ್ಪವೇ ಬಾಗಿ, ನೆಲ ಮುಟ್ಟದೆ ಮತ್ತೆ ಮೇಲೆದ್ದು ನಮ್ಮ ಕಣ್ಣಿಗೆ ಬರುತ್ತದೆ. ಬಂಡಿಯ ಕೆಳಗಿನ ಗಾಲಿ ಮುಂದೋಡಿದರೆ ಬಂಡಿ ಮೇಲಕ್ಕೆ ತಿರುಗಬೇಕಲ್ಲವೇ, ಹಾಗೆ. ಕಣ್ಣು ತನ್ನ ಹಟದಂತೆ ನೆಟ್ಟಗೆ ಗೆರೆ ಎಳೆಯುತ್ತದೆ, ರಸ್ತೆಯ ಮೇಲೆ ಆಕಾಶವನ್ನು ಕಾಣುತ್ತದೆ. ನೆಲದ ಮೇಲೆ ಆಕಾಶ ಕಂಡರೆ ಬುದ್ಧಿ ಅದನ್ನು ನೀರೆನ್ನುತ್ತದೆ. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋದಾಗ ಬಾಯಾರಿದ ಸೈನಿಕರು ಇದನ್ನು ಕಂಡು ಕಂಗೆಟ್ಟರು. ಜೊತೆಯಲ್ಲಿದ್ದ ಮೋಂಜ್ ಎಂಬ ಗಣಿತಜ್ಞ ಅಲ್ಲಿಯೇ ಇದರ ಕಾರಣವನ್ನು ವಿವರಿಸಿದ. ನಮ್ಮ ವೇದಾಂತಿಗಳು ಭ್ರಮೆಗೆ ಮೃಗಜಲದ ಉದಾಹರಣೆ ಕೊಡುತ್ತಾರೆ. ಅವರ ಮಾತಿಗೆ ನನ್ನದೊಂದು ಸಣ್ಣ ತಿದ್ದುಪಡಿ: ಕ್ಯಾಮರಾಕ್ಕೆ ಭ್ರಮೆಯಿಲ್ಲ, ಆದರೂ ಬಿಸಿಲುಗುದುರೆ ಅದರಲ್ಲಿ ಮೂಡುತ್ತದೆ. ಬಂದ ಬೆಳಕು ನಿಜ, ಅದನ್ನು ನೀರೆಂದ ತೀರ್ಪು ಮಾತ್ರ ಸುಳ್ಳು.

ಸಂಜೆ ಸೂರ್ಯನೂ ಹೀಗೆಯೇ ಇಲ್ಲದ ಕಡೆ ನಿಲ್ಲುತ್ತಾನೆ. ತೊಗರಿಯ ಹೊಲಗಳ ಬಯಲಿನಲ್ಲಿ ದಿಗಂತ ಮರೆಯಿಲ್ಲದೆ ಕಾಣುವುದರಿಂದ ಆಳಂದದ ಕಡೆಯವರಿಗೆ ಇದನ್ನು ನೋಡುವುದು ಸುಲಭ. ಮುಳುಗುವ ಸೂರ್ಯನ ಬೆಳಕು ವಾತಾವರಣದ ದಟ್ಟ ಪದರಗಳಿಗೆ ಇಳಿಯುತ್ತ ಅರ್ಧ ಡಿಗ್ರಿಗಿಂತ ತುಸು ಹೆಚ್ಚಾಗಿ ಕೆಳಕ್ಕೆ ಬಾಗುತ್ತದೆ. ಸೂರ್ಯಬಿಂಬದ ಅಗಲವೂ ಅರ್ಧ ಡಿಗ್ರಿಯೇ. ಆದ್ದರಿಂದ ಬಿಂಬದ ಕೆಳಗಿನ ಅಂಚು ನೆಲವನ್ನು ಮುಟ್ಟಿದಂತೆ ಕಂಡಾಗ, ನಿಜವಾದ ಸೂರ್ಯ ಪೂರ್ತಿಯಾಗಿ ದಿಗಂತದ ಕೆಳಗಿರುತ್ತಾನೆ. ಬೆಳಿಗ್ಗೆ ಎರಡು ನಿಮಿಷ, ಸಂಜೆ ಎರಡು ನಿಮಿಷ, ಹೀಗೆ ದಿನಕ್ಕೆ ನಾಲ್ಕು ನಿಮಿಷಕ್ಕೂ ಹೆಚ್ಚು ಬೆಳಕು ನಮಗೆ ಗಾಳಿಯ ಕೃಪೆಯಿಂದ ದೊರೆಯುತ್ತದೆ.

ನೋಡುವುದೇ ಈ ಬಾಗುವಿಕೆಯಿಂದ ಎಂಬುದನ್ನೂ ಹೇಳಿಬಿಡುತ್ತೇನೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಅದರ ಹಿಂದಿನ ಮಸೂರ, ಇವೆರಡೂ ಬೆಳಕನ್ನು ಬಾಗಿಸಿ ಹಿಂದಿನ ಪರದೆಯ ಮೇಲೆ ಒಟ್ಟುಗೂಡಿಸುತ್ತವೆ. ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಮುಂದಿನ ಪಟಲದ್ದೇ. ವಯಸ್ಸಾದಂತೆ ಒಳಗಿನ ಮಸೂರ ಬಿರುಸಾಗಿ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬಲಾರದು. ಕೊರತೆ ಬಿದ್ದ ಬಾಗುವಿಕೆಯನ್ನು ಗಾಜು ತುಂಬಿಕೊಡುತ್ತದೆ. ಈ ಲೇಖನ ಬರೆಯುವಾಗ ನನ್ನ ಮೂಗಿನ ಮೇಲಿರುವ ಚಾಳೀಸು ಮಾಡುತ್ತಿರುವುದು ಅದನ್ನೇ. ಮುಂದಿನ ಪಟಲದ ಸೂಚ್ಯಂಕ ಸುಮಾರು 1.38. ಗಾಳಿಯಿಂದ ಅದರೊಳಕ್ಕೆ ಬರುವಾಗ ಬೆಳಕು ಚೆನ್ನಾಗಿ ಬಾಗುತ್ತದೆ. ಆದರೆ ನೀರಿನ ಸೂಚ್ಯಂಕ 1.33, ಎರಡಕ್ಕೂ ಅಂತರವೇ ಅಲ್ಪ. ಆದ್ದರಿಂದ ನೀರಿನೊಳಗೆ ಬರಿಗಣ್ಣು ತೆರೆದವನಿಗೆ ಎಲ್ಲವೂ ಮಸಕು. ದಂಡೆಯ ಮೇಲಿದ್ದಾಗ ಆಳದ ವಿಷಯದಲ್ಲಿ ಸುಳ್ಳು ಹೇಳಿದ ಕಣ್ಣು, ಮುಳುಗಿದ ಮೇಲೆ ದಂಡೆ ಯಾವ ಕಡೆಗೆಂದು ಕೂಡ ಹೇಳಲಾರದು. ಈಜು ಬಾರದ ಗೆಳೆಯನನ್ನು ಉಳಿಸಲು ಹಿಂದೆಯೇ ಹಾರಿದ ಹುಡುಗರು ಎಷ್ಟೋ ಸಲ ತಾವೂ ಉಳಿಯುವುದಿಲ್ಲ. ಹಾರುವ ಬದಲು ಹಗ್ಗ, ಧೋತರ, ಸೀರೆ, ಉದ್ದನೆಯ ಕೋಲು, ಕೈಗೆ ಸಿಕ್ಕಿದ್ದನ್ನು ದಂಡೆಯಿಂದಲೇ ಚಾಚಬೇಕು, ಕೂಗಿ ಜನರನ್ನು ಕರೆಯಬೇಕು.

ಹೋದ ವರ್ಷ ಕಾಲಿಗೆ ನೆಲ ಸಿಕ್ಕಿದ ಜಾಗದಲ್ಲಿ ಈ ವರ್ಷವೂ ಸಿಕ್ಕೀತೆಂದು ನಂಬುವಂತಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಬಂದ ಮಹಾಪೂರವನ್ನು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನ ಮರೆತಿಲ್ಲ. ಅಂಥ ನೀರು ಬಂದು ಹೋದರೆ ಮರಳು ಒಂದು ಕಡೆ ಕೊರೆದು ಇನ್ನೊಂದು ಕಡೆ ಕೂಡುತ್ತದೆ. ಮನುಷ್ಯರು ಮರಳು ತೆಗೆದ ಹೊಂಡಗಳು ಬೇರೆ. ಮೊಳಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಆಳುದ್ದದ ನೀರು. ಹೊಂಡದ ತಳವೂ ಮೇಲೆದ್ದು ಕಾಣುವುದರಿಂದ ಅಂಚು ಇದ್ದದ್ದೇ ತಿಳಿಯುವುದಿಲ್ಲ.

ಆ ಅಂಬಿಗ ಮುದುಕನಿಗೆ ಸ್ನೆಲ್ಲನ ಹೆಸರು ಗೊತ್ತಿರಲಿಲ್ಲ. ಆದರೆ ನೀರಿನಲ್ಲಿ ಊರಿದ ಗಳ ನೀರು ಮುಟ್ಟಿದ ಕಡೆ ಮುರಿದಂತೆ ಕಾಣುವುದನ್ನು ಅವನು ದಿನವೂ ನೋಡುತ್ತಿದ್ದ. ಭರ್ಚಿಯಿಂದ ಮೀನು ಹೊಡೆಯುವಾಗ ಮೀನು ಕಂಡ ಕಡೆಗಲ್ಲ, ಅದಕ್ಕಿಂತ ತುಸು ಕೆಳಕ್ಕೆ ಗುರಿಯಿಡುತ್ತಿದ್ದ. ದಂಡೆಯ ಬೆಳ್ಳಕ್ಕಿಯೂ ಹೀಗೆಯೇ ಲೆಕ್ಕ ಹಾಕಿ ಕೊಕ್ಕು ಹಾಕುತ್ತದೆಂದು ಪಕ್ಷಿಶಾಸ್ತ್ರಜ್ಞರು ಪರೀಕ್ಷಿಸಿ ಕಂಡಿದ್ದಾರೆ. ನನಗೆ ಆಳ ತೋರಿಸಿದ ದಿನವೂ ಅವನು ಗಳ ನೀರಿನಲ್ಲಿರುವಾಗ ಅದನ್ನು ನೋಡಲೇ ಇಲ್ಲ. ತಳ ತಾಗಿತೆಂದು ಕೈಗೆ ತಿಳಿದ ಮೇಲೆ ನೆಟ್ಟಗೆ ಮೇಲಕ್ಕೆತ್ತಿ, ಮರಳ ಮೇಲೆ ಮಲಗಿಸಿ, ತೊಯ್ದ ಗುರುತಿನವರೆಗೆ ಮೊಳ ಹಾಕಿ ಎಣಿಸಿದ.